ಒಂದು ಕೈ ನನಗಿರಲಿ

ಆಪರೇಷನ್ನಿಗೆ ಮತ್ತು ಬರಿಸುವ ಡಾಕ್ಟರು ನಾನು. ಅರಿವಳಿಕೆ ತಜ್ಞ ಎಂದು ಬೋರ್ಡಿನಲ್ಲಿ ಬರೆಸಿದರೂ ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಈ ಕಸುಬಿನವರ ಮುಖ ರೋಗಿಗಳಿಗೆ ನೆನಪಿರುವುದಿಲ್ಲ. ಹೊಟ್ಟೆ ಕೊಯ್ದ ಸರ್ಜನ್ನರ ಮನೆಗೆ ಹಿರಿಯೂರಿನಿಂದ ತೆಂಗಿನಕಾಯಿ ಚೀಲ ಬರುತ್ತದೆ. ಪಕ್ಕದಲ್ಲಿ ನಿಂತು ಒಂದೊಂದು ಉಸಿರನ್ನೂ ಕಾದು, ಮತ್ತೆ ಎಬ್ಬಿಸಿ ಕೂರಿಸಿದವನನ್ನು ಮಾರನೇ ದಿನ ಕಾರಿಡಾರಿನಲ್ಲಿ ಕಂಡರೆ, ಕಾಂಪೌಂಡರ್ ಇರಬೇಕು ಎಂದುಕೊಂಡು ಬಾತ್‌ರೂಮ್ ಎಲ್ಲಿ ಎಂದು ಕೇಳುತ್ತಾರೆ. ದುರ್ಗದಲ್ಲಿ ಮನೆ ಮಾಡಿಕೊಂಡು, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಬ್ಯಾಗು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಇಷ್ಟು ವರ್ಷಗಳಲ್ಲಿ, ನನ್ನನ್ನೇ ಹುಡುಕಿಕೊಂಡು, ನಾನೇ ಬೇಕು ಎಂದು ಹಟ ಹಿಡಿದು ಬಂದ ಮೊದಲ ರೋಗಿ ತಾಳ್ಯದ ಕಡೆಯ ಒಬ್ಬ ಹೆಂಗಸು. ಕುರಿ ಸಾಕುವ ಮನೆಯವರು. ಹೋದ ವಾರ ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ರೋಗಿಯ ಹೆಸರನ್ನು ಬೀದಿಗೆ ತರಬಾರದು ಎನ್ನುವುದನ್ನಾದರೂ ನಾನು ಇಲ್ಲಿಯವರೆಗೆ ಉಳಿಸಿಕೊಂಡಿದ್ದೇನೆ. ಬೇರೆ ಕೆಲವನ್ನು ಉಳಿಸಿಕೊಳ್ಳಲಿಲ್ಲ. ಅದು ಮುಂದೆ ಬರುತ್ತದೆ.

ಎತ್ತರದ ಆಳು. ಬೇಸಿಗೆಯಿರಲಿ ಚಳಿಯಿರಲಿ, ಹೆಗಲ ಮೇಲೆ ಕರಿ ಕಂಬಳಿ. ನನ್ನ ಕೊಠಡಿಗೆ ಬಂದರೆ ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಣ್ಣಿಗೆ ಬೀಳುವಂತೆ ನಿಲ್ಲುವರು. ಗೌರವಕ್ಕೆಂದು ನಾನೂ ಎದ್ದು ನಿಂತರೆ, “ಕುಂತ್ಕಳಪ್ಪ, ನೀನು ಕುರಿ ಕಾಯಾಕೆ ಬಂದಿಲ್ಲ” ಎನ್ನುವರು. ಮಾತಾಡುವಾಗ ಎದುರಿಗಿರುವವರ ಕಣ್ಣು ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದರು. ಮೊದಮೊದಲು ನನ್ನ ಕಿವಿಯಲ್ಲೇನೋ ಕೊಳೆಯಿದೆ ಎಂದು ನಾನು ಗುಟ್ಟಾಗಿ ಉಜ್ಜಿಕೊಂಡದ್ದೂ ಉಂಟು. ಒಮ್ಮೆ ಕೇಳಿಯೇಬಿಟ್ಟೆ.

“ಕಣ್ಣು ನಂಬಾಕಾಗಲ್ಲ ಡಾಕ್ಟ್ರಪ್ಪ. ಕುರಿ ಕಣ್ಣು ಮುಚ್ಕಂಡು ಮಲಗಿರ್ತೈತೆ. ನಿದ್ದೆ ಹೋಗೈತೆ ಅಂತ ನೀನು ತಿಳ್ಕಂತೀಯ. ಎಲ್ಯಾರ ಒಂದು ಕಲ್ಲು ಉರುಳ್ಲಿ, ಕಿವಿ ಅತ್ತಾಗೆ ತಿರುಗ್ತೈತೆ. ಅದು ನಿದ್ದೆ ಅಲ್ಲ.”

“ಮನುಷ್ಯರ ಕಿವಿ ತಿರುಗಲ್ಲವಲ್ಲಮ್ಮ?”

“ತಿರುಗಲ್ಲ. ಅದಕ್ಕೇ ನಿನ್ನಂಥೋರು ಮೋಸ ಹೋಗ್ತೀರಿ.”

ಮೋಸ ಹೋದದ್ದು ನಾನು. ಅನುಭವಿಸಿದ್ದು ಅವರು. ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಇಳಿದ ಹೊಸತು. ಅವರ ಕರುಳು ತಿರುಚಿಕೊಂಡು, ಹೊಟ್ಟೆ ಕಲ್ಲಿನ ಹಾಗೆ ಆಗಿ, ಊರಿನವರ ಟೆಂಪೋದಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಬಂದರು. ತಕ್ಷಣ ಆಪರೇಷನ್. ಮತ್ತು ಎಂದರೆ ಜನ ಒಂದೇ ಮದ್ದು ಎಂದುಕೊಂಡಿದ್ದಾರೆ. ಹಾಗಲ್ಲ. ಒಂದು ಮದ್ದು ಎಚ್ಚರ ತೆಗೆಯುತ್ತದೆ. ಇನ್ನೊಂದು ನೋವು ತಗ್ಗಿಸುತ್ತದೆ. ಮೂರನೆಯದು ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಆಗ ರೋಗಿ ಬೆರಳು ಅಲ್ಲಾಡಿಸಲಾರ, ರೆಪ್ಪೆ ಎತ್ತಲಾರ, ಉಸಿರನ್ನೂ ಯಂತ್ರವೇ ಆಡಿಸಬೇಕು. ಮೊದಲನೆಯದು ಕಡಿಮೆಯಾಗಿ ಮೂರನೆಯದು ಮಾತ್ರ ಸರಿಯಾಗಿದ್ದರೆ, ಹೊರಗಿನಿಂದ ನೋಡುವವರಿಗೆ ಗಾಢ ನಿದ್ದೆ, ಒಳಗೆ ಪೂರಾ ಎಚ್ಚರ. ಕಿರುಚಲು ಬಾಯಿಯಿಲ್ಲ.

ಎಚ್ಚರ ತೆಗೆಯುವ ಗ್ಯಾಸು ಬರುವುದು ಯಂತ್ರದ ಮೇಲಿನ ಒಂದು ಡಬ್ಬಿಯಲ್ಲಿ ತುಂಬಿಸುವ ದ್ರವದಿಂದ. ಅವತ್ತು ಆ ಡಬ್ಬಿ ನಡುವೆ ಖಾಲಿಯಾಗಿತ್ತು. ಅದನ್ನು ನೋಡುವುದು ನನ್ನ ಕೆಲಸ. ನಾನು ಸರ್ಜನ್ನರ ಜೊತೆ ನನ್ನ ಹೊಸ ಕಾರಿನ ಮಾತಿನಲ್ಲಿದ್ದೆ.

ಮಾರನೇ ಬೆಳಗ್ಗೆ ವಾರ್ಡಿಗೆ ಹೋದೆ. ಹಾಸಿಗೆಯ ಪಕ್ಕದಲ್ಲಿ ಅವರ ಮಗಳು, ಅಂಗನವಾಡಿ ಟೀಚರು, ಎದ್ದು ಕೈ ಮುಗಿದಳು. ಹಾಸಿಗೆಯಲ್ಲಿದ್ದವರು ಮುಗಿಯಲಿಲ್ಲ.

“ನಾನು ಎಚ್ಚರ ಇದ್ದೆ ಕಣಪ್ಪ” ಎಂದರು.

“ಕನಸು ಬಿದ್ದಿರುತ್ತೆ ಅಮ್ಮ. ಮತ್ತಿನಲ್ಲಿ ಹಾಗೆಲ್ಲ ಆಗುತ್ತೆ.”

“ಕಾರು ಕೆಂಪಗೈತೆ ಅಂದೆ ನೀನು. ಹೆಂಡ್ತಿಗೆ ಬಿಳೀದು ಬೇಕಿತ್ತು ಅಂದೆ. ಈ ಕುರಿಯೋರು ಹೊಟ್ಟೆ ಒಡೆಯೋ ತನಕ ಆಸ್ಪತ್ರೆ ಕಡೆ ಬರಲ್ಲ ಅಂದೆ. ಅದೂ ಕನಸೇನು?”

ನಾನು ಕೇಸ್ ಶೀಟು ನೋಡುತ್ತಾ ನಿಂತೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ನೋವು ಅಷ್ಟಿರಲಿಲ್ಲ. ಒಳಗೆ ಕೈ ಹಾಕಿ ಎಳೆಯೋದು ಗೊತ್ತಾಗ್ತಿತ್ತು. ಕಣ್ಣಾಗೆ ನೀರು ಬಂತು. ನೀನು ಒರೆಸ್ದೆ. ನೋಡ್ದ, ಇವನಿಗೆ ಗೊತ್ತಾತು, ಇನ್ನೇನು ಏನಾರ ಮಾಡ್ತಾನೆ ಅಂದ್ಕಂಡೆ. ನೀನು ರೆಪ್ಪೆ ಮೇಲೆ ಅಂಟು ಪಟ್ಟಿ ಹಾಕಿ ಕಾರಿನ ಮಾತಿಗೇ ಹೋದೆ.”

“ಅವ್ವ, ಸುಮ್ಕಿರು. ಜೀವ ಉಳಿಸ್ಯಾರೆ ಅವರು” ಎಂದಳು ಮಗಳು, ನಾಚಿಕೆಯಿಂದ. ನಾನು ಇದೇ ಸಮಯವೆಂದು ಅವಳ ಕಡೆ ತಿರುಗಿ, ದೊಡ್ಡ ಆಪರೇಷನ್ನಿನ ಮೇಲೆ ಕೆಲವರಿಗೆ ನಾಲ್ಕು ದಿನ ಹೀಗೆ ಭ್ರಮೆ ಇರುತ್ತದೆ, ತಾನೇ ಸರಿಹೋಗುತ್ತದೆ ಎಂದು ಹೇಳಿ ಹೊರಟುಬಂದೆ. ಅವರ ಮುಖ ನೋಡಲಿಲ್ಲ. ಆಪರೇಷನ್ ಥಿಯೇಟರಿಗೆ ಹೋಗಿ ಡಬ್ಬಿ ನೋಡಿದೆ. ತಳದಲ್ಲಿ ತೇವ ಕೂಡ ಇರಲಿಲ್ಲ. ತುಂಬಿಸಿ ಮುಚ್ಚಳ ತಿರುಗಿಸಿದೆ. ಯಾರಿಗೂ ಹೇಳಲಿಲ್ಲ. ಕಣ್ಣೀರು ಎಂದರೆ ಮತ್ತಿನ ಮದ್ದು ಸಾಲದು ಎಂಬ ಗುರುತು, ಅದನ್ನು ಮೊದಲ ವರ್ಷದ ವಿದ್ಯಾರ್ಥಿಗೂ ಕಲಿಸಿರುತ್ತಾರೆ. ನನಗೂ ಕಲಿಸಿದ್ದರು.

ಹೆದರಿದವನು ಓದುತ್ತಾನೆ. ನಾನು ಹಾಗೆ ಓದಿದೆ. ಮಿದುಳಿನ ಅಲೆಗಳ ಮೇಲೆ ಸಿಕ್ಕಿದ್ದೆಲ್ಲ ಓದಿದೆ. ಹಣೆಗೆ ಒಂದು ಪಟ್ಟಿ ಅಂಟಿಸಿದರೆ ಒಳಗಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಯಂತ್ರವನ್ನು ಸ್ವಂತ ಖರ್ಚಿನಲ್ಲಿ ತಂದು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗಿದೆ. ಸರ್ಜನ್ನರು ನನ್ನನ್ನು ಹಣೆಪಟ್ಟಿ ಡಾಕ್ಟರು ಎಂದು ಆಡಿಕೊಂಡರು. ಯಾಕೆ ಈ ಹುಚ್ಚು ಎಂದು ಕೇಳಿದವರಿಗೆಲ್ಲ ವಿಜ್ಞಾನ ಎಂದೆ.

ಏಳೆಂಟು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಬಾಗಿಲಲ್ಲಿ ಕರಿ ಕಂಬಳಿ ಕಾಣಿಸಿತು. ಹಿಂದೆ ಮಗಳು. ಅವಳ ಮುಖದಲ್ಲಿ ಸೋತ ಕಳೆ.

“ಸಾರ್, ಪಿತ್ತಕೋಶದಾಗೆ ಕಲ್ಲು ಅವೆ. ಕೀವು ತುಂಬೈತಂತೆ, ಒಡೆದ್ರೆ ಉಳಿಯಲ್ಲ ಅಂದ್ರು. ಎರಡು ಕಡೆ ಸೇರ್ಸಿದೆ, ಎರಡು ಕಡೆಯಿಂದಾನೂ ಎದ್ದು ಬಂದೈತೆ ನಮ್ಮವ್ವ. ಒಂದು ಕಡೆಯಂತೂ ಸ್ಟ್ರೆಚರ್ ಮ್ಯಾಲಿಂದ ಇಳಿದು, ಅದೇ ಹಸಿರು ಗೌನಿನ ಮ್ಯಾಲೆ ಕಂಬಳಿ ಹೊದ್ಕಂಡು ಬಸ್ ಸ್ಟ್ಯಾಂಡಿಗೆ ನಡೆದು, ಹೊಳಲ್ಕೆರೆ ಬಸ್ಸು ಹತ್ತಿ ಮನೆಗೆ ಬಂದೈತೆ.”

“ಕಂಡಕ್ಟರ್ ಏನೂ ಕೇಳಲಿಲ್ವೇ?” ಎಂದೆ, ನಗು ತಡೆದುಕೊಂಡು.

“ಆಧಾರ್ ಕಾರ್ಡ್ ಕೇಳ್ದ” ಎಂದರು ಅವರು. ಜ್ವರಕ್ಕೆ ಮುಖ ಕೆಂಡದ ಹಾಗಿತ್ತು, ಆದರೂ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದರು.

“ಕೊನೇಗೆ, ಮಾಡಿಸ್ಕಂತೀನಿ, ಆದ್ರೆ ಆ ಕೆಂಪು ಕಾರಿನ ಡಾಕ್ಟ್ರೇ ಬೇಕು ಅಂತ ಕುಂತೈತೆ ಸಾರ್” ಎಂದಳು ಮಗಳು. ಆ ಕಾರನ್ನು ಮಾರಿ ಎಷ್ಟೋ ಕಾಲವಾಗಿತ್ತು.

ನಾನೇ ಯಾಕೆ ಎಂದು ಕೇಳಿದೆ.

“ಬೇರೆಯೋರಿಗೆ ನನ್ನ ಕತೆ ಗೊತ್ತಿಲ್ಲ, ನಿನಗೆ ಗೊತ್ತೈತೆ” ಎಂದರು. “ಅವತ್ತು ಕಾಗದ ನೋಡ್ಕಂತ ನಿಂತೆಯಲ್ಲ, ನಿನ್ನ ಕಿವಿ ಕೆಂಪಗಾಗಿದ್ದೋ. ಇವನಿಗೆ ಗೊತ್ತೈತೆ ಅಂತ ನನಗೆ ಅವತ್ತೇ ಗೊತ್ತಾತು. ಗೊತ್ತಿದ್ದೋನು ಎರಡನೇ ಸಲ ಮಾಡಲ್ಲ.”

ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಆಗ ಹೇಳಿದೆ. ಡಬ್ಬಿ ಖಾಲಿಯಾಗಿತ್ತು, ನಾನು ನೋಡಿರಲಿಲ್ಲ, ನೀವು ಹೇಳಿದ್ದು ಒಂದೊಂದು ಮಾತೂ ನಿಜ, ಸುಳ್ಳು ಹೇಳಿದ್ದು ನಾನು, ತಪ್ಪಾಯಿತು ಎಂದೆ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಇದನ್ನ ಆಕೆ ಕಡೆ ತಿರುಗಿ ಹೇಳು” ಎಂದರು.

ನಾನು ಮಗಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಿಳಿಯಿತು. ಆ ಆಪರೇಷನ್ನಿನ ಮೇಲೆ ಅವರು ಅಂಗಾತ ಮಲಗುವುದನ್ನೇ ಬಿಟ್ಟಿದ್ದರು, ಕೂತೇ ನಿದ್ದೆ ಮಾಡುತ್ತಿದ್ದರು. ತಲೆ ಕೆಟ್ಟಿದೆ ಎಂದು ಊರವರು ತೀರ್ಮಾನಿಸಿ ತಾಯತ ಕಟ್ಟಿಸಿದ್ದರು. ಕಟ್ಟಿಸಿದವಳು ಮಗಳೇ. ಅವರು ಕಂಬಳಿಯೊಳಗಿನಿಂದ ತೋಳು ಹೊರಗೆ ತೆಗೆದು ಅವಳ ಮುಂದೆ ಚಾಚಿದರು. ಅವಳು ಅಳುತ್ತಾ ತಾಯತದ ಗಂಟು ಬಿಚ್ಚಲು ಹೋದಳು. ಹಳೆಯ ಗಂಟು, ಬಿಗಿದುಕೊಂಡಿತ್ತು, ನಾನು ಕತ್ತರಿ ಕೊಡಬೇಕಾಯಿತು.

“ಈಗ ಹೇಳು. ಈ ಸಲ ನಾನು ಒಳಗೆ ಇಲ್ಲ ಅನ್ನೋದು ನಿನಗೆ ಹೆಂಗೆ ಗೊತ್ತಾಗ್ತೈತೆ?”

ಯಂತ್ರ ತಂದೆ. ಅವರ ಹಣೆಗೆ ಪಟ್ಟಿ ಅಂಟಿಸಿ ಗೆರೆ ತೋರಿಸಿದೆ. ಎಚ್ಚರವಿರುವಾಗ ಗೆರೆ ಹೀಗೆ ಸಣ್ಣಗೆ, ಬಿಡುವಿಲ್ಲದೆ, ಒಂದಕ್ಕೊಂದು ತಾಳವಿಲ್ಲದೆ ನಡುಗುತ್ತದೆ. ಮದ್ದು ಏರಿದ ಹಾಗೆ ಅಲೆ ದೊಡ್ಡದಾಗುತ್ತದೆ, ನಿಧಾನವಾಗುತ್ತದೆ, ಅದರ ಜೊತೆಗೆ ಹಣೆಯ ಭಾಗದಲ್ಲಿ ಒಂದೇ ಸಮನಾದ ಇನ್ನೊಂದು ಕಂಪನ ಸೇರಿಕೊಳ್ಳುತ್ತದೆ. ಅತಿಯಾದರೆ ಗೆರೆ ಚಪ್ಪಟೆಯಾಗಿ ನಡುನಡುವೆ ಸಿಡಿಯುತ್ತದೆ, ಅಲ್ಲಿಗೆ ಹೋಗಬಾರದು. ಮಿದುಳು ದೀಪದ ಹಾಗೆ ಆರಿಹೋಗುವುದಿಲ್ಲಮ್ಮ, ಅದರ ಭಾಗಗಳೆಲ್ಲ ಒಂದೊಂದು ತಾಳಕ್ಕೆ ಸಿಕ್ಕಿಬಿದ್ದು, ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದು ನಿಂತುಹೋಗುತ್ತದೆ, ಆಗ ಎಚ್ಚರ ಇರುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ, ಇವರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂಬ ಸಂಶಯವೂ ಇತ್ತು. ಓದಿದವರ ಅಹಂಕಾರ ಒಂದು ತಪ್ಪಿಗೆ ಹೋಗುವಂಥದ್ದಲ್ಲ.

“ಗೊತ್ತಾತು. ಮಟಮಟ ಮಧ್ಯಾಹ್ನದಾಗೆ ಕುರಿ ಬಿಸಿಲಿಗೆ ಒಂದರ ಹೊಟ್ಟೆ ಕೆಳಗೆ ಒಂದು ತಲೆ ಇಟ್ಕಂಡು ಗುಡ್ಡೆಯಾಗಿ ನಿಂತಿರ್ತಾವೆ. ಎಲ್ಲಾ ಒಟ್ಟಿಗೆ ಏದುಸಿರು ಬಿಡ್ತಿರ್ತಾವೆ. ಅವು ಸತ್ತಿಲ್ಲ, ಮಲಗಿಲ್ಲ. ಆದ್ರೆ ಆಗ ನೀನು ಎಷ್ಟು ಕೂಗಿದ್ರೂ ಒಂದೂ ಬರಲ್ಲ. ಮೇಯುವಾಗ ಒಂದೊಂದು ಒಂದೊಂದು ಕಡೆ ಮುಖ ಮಾಡಿದ್ರೂ ಒಂದು ಕೂಗು ಹಾಕು, ಎಲ್ಲಾ ತಲೆ ಎತ್ತಾವೆ.”

ಇಷ್ಟು ವರ್ಷ ಕಿರಿಯ ಡಾಕ್ಟರುಗಳಿಗೆ ಪಾಠ ಮಾಡಿದ್ದೇನೆ. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಲ್ಲ. ಈಗ ಈ ಮಾತನ್ನೇ ಹೇಳುತ್ತೇನೆ, ಯಾರು ಹೇಳಿದ್ದು ಎಂದೂ ಹೇಳುತ್ತೇನೆ, ಹೇಳುವಾಗ ಎದೆ ಉಬ್ಬುತ್ತದೆ.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಯಂತ್ರವನ್ನು ಅತ್ತಿತ್ತ ನೋಡಿ ಕೇಳಿದರು: “ಇದರಾಗೆ ಕಿವಿ ಯಾವ್ದು?”

ನಿಜ ಹೇಳಬೇಕೆಂದರೆ ಅದರಲ್ಲಿ ಕಿವಿ ಇಲ್ಲ. ಯಂತ್ರ ಗೆರೆ ನೋಡಿ ಒಂದು ಅಂಕಿ ಹೇಳುತ್ತದೆ, ಅದು ಅಂದಾಜು. ಕೆಲವು ಮದ್ದಿಗೆ ಗೆರೆಯೇ ಬೇರೆ ಥರ ಇರುತ್ತದೆ. ಅದನ್ನೂ ಹೇಳಿದೆ. ಎಚ್ಚರ ಎಂಬುದು ಎಲ್ಲಿ ಕೂತಿರುತ್ತದೆ, ಹೇಗೆ ಹೋಗುತ್ತದೆ ಎಂದು ಪೂರ್ತಿ ತಿಳಿದವರು ಇನ್ನೂ ಯಾರೂ ಇಲ್ಲ ಎಂದೆ.

“ಅಂಗಾರೆ ಒಂದು ಕೈ ನನಗಿರಲಿ” ಎಂದರು. “ಎಲ್ಲಾ ಕಟ್ಟಿಹಾಕು, ಒಂದು ಕೈ ಬಿಡು. ನಾನು ಒಳಗಿದ್ರೆ ಹಿಂಡ್ತೀನಿ.”

ನಮ್ಮ ಪುಸ್ತಕಗಳಲ್ಲಿ ಇಂಥದ್ದೊಂದು ಉಪಾಯವಿದೆ. ಸ್ನಾಯು ಸಡಿಲಿಸುವ ಮದ್ದು ಕೊಡುವ ಮೊದಲು ಒಂದು ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿ ಬಿಗಿ ಮಾಡಿದರೆ, ಆ ಮದ್ದು ಆ ಕೈಗೆ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಆ ಕೈ ರೋಗಿಯದಾಗಿಯೇ ಉಳಿಯುತ್ತದೆ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಮರೆತಿದ್ದೆ. ನಮ್ಮ ಕಡೆ ಯಾರೂ ಮಾಡುತ್ತಿರಲಿಲ್ಲ. ಅವರು ಯಾವ ಪುಸ್ತಕವನ್ನೂ ಓದದೆ, ನನ್ನ ಕೊಠಡಿಯ ಗೋಡೆಗೆ ಒರಗಿಕೊಂಡು, ಜ್ವರದಲ್ಲಿ ನಿಂತು, ಅದನ್ನು ತಾವೇ ಕಂಡುಹಿಡಿದರು.

ಆಪರೇಷನ್ ದಿನ ಥಿಯೇಟರಿನೊಳಗೆ ನಾನು ಕಂಬಳಿ ತೆಗೆಸಲಿಲ್ಲ. ಮದ್ದು ಏರುವ ತನಕ ಕಾಲ ಮೇಲೆ ಇರಲಿ ಎಂದೆ. ಬಲತೋಳಿಗೆ ಪಟ್ಟಿ ಬಿಗಿದು, ಅವರ ಅಂಗೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಮದ್ದು ಹೋಯಿತು. ಗೆರೆ ದೊಡ್ಡದಾಯಿತು, ನಿಧಾನವಾಯಿತು. ಗಂಟಲಿಗೆ ಉಸಿರಿನ ಕೊಳವೆ ಇಳಿಸಿದೆ. ಯಂತ್ರದ ಅಂಕಿ, ರೋಗಿ ಇಲ್ಲ, ಶುರು ಮಾಡಬಹುದು ಎನ್ನುತ್ತಿತ್ತು. ಸರ್ಜನ್ನರು ಚಾಕು ಹಿಡಿದಿದ್ದರು.

ನಾನು ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ: “ಅಮ್ಮ, ಕೇಳಿಸ್ತಿದ್ರೆ ಕೈ ಹಿಂಡಿ.”

ಕೈ ಹಿಂಡಿತು.

ತಾನೇ ಸೆಳೆದಿರಬಹುದು ಎಂದುಕೊಂಡು, “ಕೇಳಿಸ್ತಿದ್ರೆ ಎರಡು ಸಲ ಹಿಂಡಿ” ಎಂದೆ. ಒಂದು. ಎರಡು. ಗಟ್ಟಿಯಾಗಿಯೇ ಹಿಂಡಿದರು.

“ಏನ್ರಿ, ಶುರು ಮಾಡ್ಲಾ?” ಎಂದರು ಸರ್ಜನ್.

“ಇಲ್ಲ. ಇನ್ನೂ ಇದ್ದಾರೆ.”

“ಅಂಕಿ ಸರಿ ಇದೆಯಲ್ರೀ?”

“ಅಂಕಿ ಸರಿ ಇದೆ. ಇವರು ಇದ್ದಾರೆ.”

ಸರ್ಜನ್ನರ ಅಸಹನೆ ಮಾಸ್ಕಿನ ಮೇಲಿನಿಂದಲೇ ಕಾಣುತ್ತಿತ್ತು. ನಾನು ಲಕ್ಷ್ಯ ಮಾಡಲಿಲ್ಲ. ಮತ್ತಿನ ಮದ್ದು ಹೆಚ್ಚಿಸಿದೆ. ನಾನಿದ್ದೀನಿ ಅಮ್ಮ, ಇನ್ನೂ ಚಾಕು ಹಾಕಿಲ್ಲ ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಅಲೆಗಳು ಇನ್ನಷ್ಟು ಹರಡಿಕೊಂಡವು. ಮತ್ತೆ ಕೇಳಿದೆ. ಕೈ ಸುಮ್ಮನಿತ್ತು. ಮೂರು ಸಲ ಕೇಳಿದೆ. ಮೂರು ಸಲವೂ ಸುಮ್ಮನಿತ್ತು. ಆಮೇಲೆ ಸರ್ಜನ್ನರಿಗೆ ಹೂಂ ಎಂದೆ. ಆಪರೇಷನ್ ಮುಗಿಯುವ ತನಕ ಆ ಕೋಣೆಯಲ್ಲಿ ಕಾರಿನ ಮಾತಾಗಲಿ, ಮನೆಯ ಮಾತಾಗಲಿ ಯಾರೂ ಆಡಲಿಲ್ಲ. ಆಡಲು ನಾನು ಬಿಡಲಿಲ್ಲ.

ಸಂಜೆ ಅವರು ಸರಿಯಾಗಿ ಎಚ್ಚರಾದಾಗ ಮಂಚದ ಪಕ್ಕದಲ್ಲಿ ಕೂತಿದ್ದೆ. ಅವರು ಅಂಗಾತ ಮಲಗಿದ್ದರು, ಅದು ಅವರಿಗೇ ಇನ್ನೂ ಗಮನಕ್ಕೆ ಬಂದಿರಲಿಲ್ಲ.

“ಆತಾ? ಈಗಿನ್ನೂ ಒಳಗೆ ಕರ್ಕಂಡು ಬಂದಂಗೈತೆ” ಎಂದರು. “ಏನೂ ಇಲ್ಲ ಕಣಪ್ಪ. ಕತ್ತಲೂ ಇಲ್ಲ. ನಿದ್ದೆಯಾದ್ರೆ ಹೊತ್ತು ಹೋಗಿದ್ದಾದ್ರೂ ಗೊತ್ತಾಗ್ತಿತ್ತು. ನಾನು ಕೈ ಹಿಂಡಿದ್ನಾ?” ಎಂದು ಕೇಳಿದರು.

ಇಲ್ಲ ಎಂದುಬಿಡಬಹುದಾಗಿತ್ತು. ಅವರಿಗೆ ಏನೂ ನೆನಪಿರಲಿಲ್ಲ. ನೆನಪಿಲ್ಲದವರ ಮುಂದೆ ಸುಳ್ಳು ಹೇಳುವುದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ, ನಿಜ ಹೇಳಿದರೆ ಮತ್ತೆ ಕೂತು ನಿದ್ದೆ ಮಾಡುವ ರಾತ್ರಿಗಳು ಬಂದರೆ ಎಂಬ ಭಯವೂ ನಿಜವಾಗಿತ್ತು. ನನ್ನ ಕಿವಿ ಬಿಸಿಯಾಗುವುದು ನನಗೇ ಗೊತ್ತಾಯಿತು.

“ಹಿಂಡಿದ್ರಿ. ಮೂರು ಸಲ. ಚಾಕು ಹಾಕೋಕೆ ಮುಂಚೆ. ಆಮೇಲೆ ನಾನು ಮದ್ದು ಜಾಸ್ತಿ ಮಾಡಿದೆ. ಆಮೇಲೆ ಹಿಂಡಲಿಲ್ಲ.”

ಅವರು ಬಲಗೈಯನ್ನು ಮುಖದ ಮುಂದೆ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನನಗೇನೂ ಗೊತ್ತಿಲ್ಲವಲ್ಲೋ. ಅಂಗಾರೆ ಹಿಂಡಿದ್ದು ಯಾರು?”

ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ಕೇಳಿ, ಅರ್ಥ ಮಾಡಿಕೊಂಡು, ಎರಡು ಎಂದರೆ ಎರಡೇ ಸಲ ಹಿಂಡಿ, ನೆನಪಿನ ಕಡೆ ಒಂದು ಗುರುತೂ ಬಿಡದೆ ಹೋದವರು ಯಾರು ಎಂದು ನಾನು ದೊಡ್ಡ ದೊಡ್ಡ ಸಭೆಗಳಲ್ಲಿ ಕೇಳಿದ್ದೇನೆ. ಗೊತ್ತಿಲ್ಲಮ್ಮ ಎಂದು ಅವತ್ತು ಹೇಳಿದೆ. ಅವರು ಹೊಲಿಗೆ ಹಿಡಿದುಕೊಂಡು ನಕ್ಕರು.

“ಯಾರಾರ ಆಗ್ಲಿ. ನನ್ನ ಕಡೆಯೋಳೇ” ಎಂದರು.

ಅಲ್ಲಿಂದ ಮುಂದೆ ತಾಳ್ಯದ ಸುತ್ತಿನ ಊರುಗಳಲ್ಲಿ ನನಗೊಂದು ಹೆಸರು ಬಂತು. ಒಂದು ಕೈ ಬಿಡೋ ಡಾಕ್ಟ್ರು. ಹರ್ನಿಯಾದವರು, ಗರ್ಭಕೋಶದವರು, ಕಂಬದಿಂದ ಬಿದ್ದ ಲೈನ್‌ಮನ್ನು, ಎಲ್ಲರೂ ಟೇಬಲ್ ಮೇಲೆ ಮಲಗುತ್ತಲೇ, “ಸಾರ್, ನನಗೂ ಒಂದು ಕೈ ಬಿಡ್ರಿ” ಎನ್ನತೊಡಗಿದರು. ಸೊಂಟಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಪೂರಾ ಎಚ್ಚರ ಇರುವವರೂ ಕೈ ಕೇಳುತ್ತಿದ್ದರು, ಕೊಡುತ್ತಿದ್ದೆ. ಜೊತೆಯವರು ಈಗಲೂ ತಮಾಷೆ ಮಾಡುತ್ತಾರೆ. ಮಾಡಲಿ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಸಿಕ್ಕ ಬಿರುದು ಅದೊಂದೇ, ಕೊಟ್ಟವರು ಯಾರು ಎಂದು ನೆನೆದರೆ ಬೇರೆ ಯಾವುದೂ ಬೇಕೆನಿಸುವುದಿಲ್ಲ.

ಹೋದ ವಾರ ಮಗಳು ಫೋನು ಮಾಡಿದಳು. ಅವ್ವ ಹೋಯ್ತು ಸಾರ್ ಎಂದಳು. ನಾನು ಹೋಗುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅಂಗಳದಲ್ಲಿ ಹಗ್ಗದ ಮೇಲೆ ಕಂಬಳಿ ಒಣಗುತ್ತಿತ್ತು. ಮಗಳು ಚಾಪೆ ಹಾಸಿದಳು. ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ.

ಲಕ್ವ ಹೊಡೆದು ಎರಡು ದಿನ ಇದ್ದರಂತೆ. ಕಣ್ಣು ಮುಚ್ಚಿತ್ತು, ಮಾತು ನಿಂತಿತ್ತು. ನೋಡಿದ ಡಾಕ್ಟರು ಪ್ರಜ್ಞೆ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನೆಂಟರು ತುಂಬಿಕೊಂಡರು. ಮಂಚದ ಸುತ್ತ ನಿಂತು, ಗುಂಡಿ ಎಲ್ಲಿ ತೋಡುವುದು, ಕುರಿ ಯಾರಿಗೆ ಹೋಗುವುದು ಎಂದು ಮಾತು ಶುರುವಾಯಿತು.

“ನಾನು ಬಲಗೈ ಹಿಡ್ಕಂಡು, ಅವ್ವ, ಕೇಳಿಸ್ತಿದ್ರೆ ಹಿಂಡು ಅಂದೆ ಸಾರ್” ಎಂದಳು ಮಗಳು. “ಹಿಂಡ್ತು. ಎರಡು ಸಲ ಹಿಂಡು ಅಂದೆ. ಎರಡು ಸಲ ಹಿಂಡ್ತು.”

“ಆಮೇಲೆ?”

“ಎಲ್ಲಾರನ್ನೂ ಆಚೆಗೆ ಕಳಿಸ್ದೆ. ನಮ್ಮವ್ವ ಒಳಗೈತೆ, ಆಡೋ ಮಾತು ಅಂಗಳದಾಗೆ ಆಡ್ರಿ ಅಂದೆ. ಎರಡು ದಿನ ಬಾಗ್ಲಾಗೇ ಕುಂತಿದ್ದೆ. ಒಂದು ಕೆಟ್ಟ ಮಾತು ಒಳಗೆ ಹೋಗಾಕೆ ಬಿಡ್ಲಿಲ್ಲ.”